ತಾರಾನಾಥರು ಬರೀ ವೈದ್ಯರಲ್ಲ

ನಮಸ್ಕಾರ. ಮಗಳ ಭಾಷಣಕ್ಕೆ ರಾಯಚೂರಿನ ಪಂಡಿತ ತಾರಾನಾಥರನ್ನು ಆರಿಸಿದ್ದೀರಿ, ತುಂಬಾ ಖುಷಿಯಾಯ್ತು. 'ಅವರು ವೈದ್ಯರಲ್ವಾ, ಹಕ್ಕುಗಳ ಹೋರಾಟಗಾರ ಅನ್ನಬಹುದಾ' ಅಂತ ಕೇಳಿದ್ದೀರಿ. ಖಂಡಿತ ಅನ್ನಬಹುದು.

ವೈದ್ಯಕ್ಕಿಂತ ಜಾಸ್ತಿ ಹೇಳಬೇಕಾದ್ದು ಹಮ್‌ದರ್ದ್ ಶಾಲೆಯ ವಿಷಯ. 1920ರ ಸುಮಾರಿಗೆ ಅವರು ಅದನ್ನು ಕಟ್ಟಿದಾಗ ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು. ಪಾಠ, ಆಡಳಿತ ಎಲ್ಲ ಉರ್ದುವಿನಲ್ಲಿ, ಕನ್ನಡದ ಮಕ್ಕಳ ಪಾಡು ಕೇಳುವವರಿಲ್ಲ, ಸಭೆ ಸೇರುವುದಕ್ಕೂ ಸರ್ಕಾರದ ಅನುಮತಿ ಬೇಕಾಗುತ್ತಿದ್ದ ಕಾಲ ಅದು. ಅಂಥ ಹೊತ್ತಲ್ಲಿ ಹಿಂದೂ, ಮುಸ್ಲಿಂ ಮಕ್ಕಳನ್ನು ಒಂದೇ ಶಾಲೆಯಲ್ಲಿ ಕೂರಿಸಿ ಓದಿಸುವುದು ಸಣ್ಣ ಮಾತಲ್ಲ. ಭಾಷಣದಲ್ಲಿ ಇದಕ್ಕೇ ಹೆಚ್ಚು ಸಮಯ ಕೊಡಿ.

ಸಂಸ್ಥಾನದ ಸರ್ಕಾರಕ್ಕೆ ಅವರ ಮೇಲೆ ಅನುಮಾನ ಬಂತು. ಆಮೇಲೆ ಅವರು ಮಂತ್ರಾಲಯದ ಹತ್ತಿರದ ತುಂಗಭದ್ರಾ ಗ್ರಾಮಕ್ಕೆ ಹೋಗಿ, ನಿಜಾಮರ ಕೈಗೆ ಸಿಗದ ಬ್ರಿಟಿಷ್ ಸೀಮೆಯಲ್ಲಿ, ಪ್ರೇಮಾಯತನ ಆಶ್ರಮ ಕಟ್ಟಿದರು. ಔಷಧಿ, ಸಂಗೀತ, ನಾಟಕ ಎಲ್ಲವೂ ಅಲ್ಲಿತ್ತು. 'ಪ್ರೇಮ' ಅನ್ನೋ ಪತ್ರಿಕೆ ನಡೆಸಿದರು, 'ದೀನಬಂಧು ಕಬೀರ' ನಾಟಕ ಬರೆದರು. ಹಿಂದೂ, ಮುಸ್ಲಿಂ ಭೇದ ಬೇಡ ಅಂತ ಹಾಡಿದ ಸಂತ ಕಬೀರನನ್ನೇ ಆರಿಸಿಕೊಂಡಿದ್ದು ಸುಮ್ನೆ ಅಲ್ಲ ಅಂತ ನನಗನಿಸುತ್ತದೆ, ಶಾಲೆಯಲ್ಲಿ ಮಾಡಿದ್ದನ್ನೇ ರಂಗದ ಮೇಲೂ ಹೇಳಿದರು.

ಹುಟ್ಟಿದ್ದು 1891ರಲ್ಲಿ, ಮಂಗಳೂರಿನಲ್ಲಿ. ತೀರಿಕೊಂಡಿದ್ದು 1942ರಲ್ಲಿ. ಸರೋದ್ ವಾದಕ ರಾಜೀವ ತಾರಾನಾಥರು ಇವರ ಮಗ, ಇದನ್ನು ಒಂದು ಸಾಲಲ್ಲಿ ಹೇಳಿದರೆ ಸಾಕು. ರಾಯಚೂರಿನಲ್ಲೇ ಇದ್ದೀರಲ್ವಾ, ಮಗಳನ್ನು ಒಮ್ಮೆ ಹಮ್‌ದರ್ದ್ ಶಾಲೆಗೆ ಕರೆದುಕೊಂಡು ಹೋಗಿ, ಅಲ್ಲಿನ ಹಿರಿಯ ಮೇಷ್ಟ್ರುಗಳನ್ನು ಮಾತಾಡಿಸಿ.