ಆಮದು ಲೇತ್‌ಗೂ ಇ-ತ್ಯಾಜ್ಯ ನೋಂದಣಿ ಬೇಕಾ?

ಪ್ರಶ್ನೆ: ನಾವು ಬೆಂಚ್ ಡ್ರಿಲ್, ಗ್ರೈಂಡರ್ ಆಮದು ಮಾಡಿ ಮಾರುತ್ತೇವೆ. ಈ ಸಲ ನಮ್ಮದೇ ಶೆಡ್‌ಗೆ ಒಂದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್ ತರಿಸಬೇಕು. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಕಸ್ಟಮ್ಸ್ ಏಜೆಂಟ್ ಎಲ್ಲದಕ್ಕೂ ಇಪಿಆರ್ (ಹಳತಾದ ಮಾಲಿನ ವಿಲೇವಾರಿಗೆ ಉತ್ಪಾದಕರೇ ಹೊಣೆ ಎಂಬ ವ್ಯವಸ್ಥೆ) ನೋಂದಣಿ ಕೇಳುತ್ತಿದ್ದಾರೆ. ಕಬ್ಬಿಣದ ಯಂತ್ರ ಇ-ತ್ಯಾಜ್ಯ ಹೇಗಾಗುತ್ತದೆ?

ಉತ್ತರ: 2016ರ ಇ-ತ್ಯಾಜ್ಯ ನಿಯಮದಲ್ಲಿ ನಿಮ್ಮ ಯಂತ್ರಗಳ ಸುದ್ದಿಯೇ ಇರಲಿಲ್ಲ. 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ಇ-ತ್ಯಾಜ್ಯ ನಿಯಮಗಳು ಪಟ್ಟಿಯನ್ನು ಉದ್ದ ಮಾಡಿದವು. ಲೋಹವನ್ನು ಕಡೆಯುವ, ಕೊರೆಯುವ, ಉಜ್ಜುವ, ಬಗ್ಗಿಸುವ ವಿದ್ಯುತ್ ಉಪಕರಣಗಳು ಅದರಲ್ಲಿ ಸೇರಿಕೊಂಡವು. ಲೇತ್‌ನ ಪ್ಯಾನೆಲ್ ಬಾಗಿಲು ತೆರೆದು ನೋಡಿ: ಡ್ರೈವ್, ಪವರ್ ಸಪ್ಲೈ, ಸರ್ಕ್ಯೂಟ್ ಬೋರ್ಡ್, ಡಿಸ್‌ಪ್ಲೇ. ಕಬ್ಬಿಣದ ಬೆಡ್ ಗುಜರಿಗೆ ಹೋದರೂ ಇವನ್ನು ಎಲ್ಲಿ ಎಸೆಯುತ್ತೀರಿ?

ಒಂದು ವಿನಾಯಿತಿ ಇದೆ. ಕಾರ್ಖಾನೆಯಲ್ಲಿ ನೆಲೆಯಾಗಿ ಕೂರಿಸುವ ಭಾರೀ ಗಾತ್ರದ ಉಪಕರಣಗಳು ಪಟ್ಟಿಯಿಂದ ಹೊರಗೆ. ಆದರೆ ಬೋಲ್ಟ್ ಹಾಕಿ ನಿಲ್ಲಿಸಿದ್ದೆಲ್ಲ ಇದಕ್ಕೆ ಸೇರುವುದಿಲ್ಲ. ಬೆಂಚ್ ಡ್ರಿಲ್‌ಗಂತೂ ಈ ವಾದ ನಡೆಯಲ್ಲ. ಇಡೀ ಮಷಿನಿಂಗ್ ಲೈನ್ ಆದರೆ ಬೇರೆ ಮಾತು. ನಿಮ್ಮ ಲೇತ್ ನಡುವೆ ಎಲ್ಲೋ ಬರುತ್ತದೆ. ಎಚ್‌ಎಸ್ ಕೋಡ್ 8458 (ಕಸ್ಟಮ್ಸ್‌ನಲ್ಲಿ ಲೋಹದ ಲೇತ್‌ಗಳ ವರ್ಗ ಸಂಖ್ಯೆ) ಎಂದಾಕ್ಷಣ ಇದು ತೀರ್ಮಾನವಾಗುವುದಿಲ್ಲ. ಅದು ಸುಂಕದ ಲೆಕ್ಕ ಅಷ್ಟೇ. ಡ್ರಾಯಿಂಗ್, ತೂಕ, ಅಳವಡಿಕೆಯ ವಿವರ ಇಟ್ಟುಕೊಂಡು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಲಿಖಿತ ಉತ್ತರ ಪಡೆಯಿರಿ.

ನಿಜವಾದ ಗಂಟು ಇರುವುದು ‘ಉತ್ಪಾದಕ’ ಯಾರು ಅನ್ನೋದರಲ್ಲಿ. ಪಟ್ಟಿಯಲ್ಲಿರುವ ಆಮದು ಮಾಲನ್ನು ಮಾರುವವರು ಉತ್ಪಾದಕರು. ಹಾಗಾಗಿ ಡ್ರಿಲ್, ಗ್ರೈಂಡರ್‌ಗೆ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಣಿ ಬೇಕೇ ಬೇಕು. ಹೊಸ ಲೇತನ್ನು ನಿಮ್ಮ ಶೆಡ್‌ನಲ್ಲೇ ಬಳಸಿದರೆ ನೀವು ಅದನ್ನು ಮಾರುತ್ತಿಲ್ಲ, ಈ ವ್ಯಾಖ್ಯೆಗೆ ಬರುವುದಿಲ್ಲ. ಸ್ವಂತ ಬಳಕೆ ಅಂತ ಬರೆದುಕೊಡಿ. ಆದರೆ ಹಳೆಯ ಉಪಕರಣ ಆಮದು ಮಾಡುವವರೂ ಉತ್ಪಾದಕರೇ. ಅಲ್ಲಿ ಮಾರುವ ಮಾತೇ ಬರುವುದಿಲ್ಲ. ಅಂದರೆ ಪಟ್ಟಿಗೆ ಸೇರುವ ಲೇತ್ ಆಗಿದ್ದರೆ, ಸೆಕೆಂಡ್ ಹ್ಯಾಂಡ್ ತಂದ ಕೂಡಲೇ ಸ್ವಂತ ಬಳಕೆಯ ಉತ್ತರ ಸಾಲದು. ಚಾರ್ಟರ್ಡ್ ಎಂಜಿನಿಯರ್ ಪ್ರಮಾಣಪತ್ರ ಬೇರೆ ಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳನ್ನೂ ನೋಡಬೇಕು. ಹಳೆಯದನ್ನು ಕೊಂಡು ಉಳಿಸಿದ ದುಡ್ಡು ಇಲ್ಲೇ ಖರ್ಚಾಗಬಹುದು. ನನ್ನನ್ನು ಕೇಳಿದರೆ ಹೊಸದನ್ನೇ ತರಿಸಿ.

ಅಂದಹಾಗೆ, ನಿಮ್ಮದು ಎಂಎಸ್‌ಎಂಇ ಕಾಯ್ದೆಯ ಪ್ರಕಾರ ‘ಸೂಕ್ಷ್ಮ’ ಉದ್ಯಮವಾದರೆ ಈ ನಿಯಮಗಳೇ ಅನ್ವಯಿಸುವುದಿಲ್ಲ. ಉದ್ಯಮ್ (ಎಂಎಸ್‌ಎಂಇ ನೋಂದಣಿ) ಪತ್ರದಲ್ಲಿ ವರ್ಗ ನೋಡಿಕೊಳ್ಳಿ. ‘ಸಣ್ಣ’ ಅಂತಿದ್ದರೆ ವಿನಾಯಿತಿ ಇಲ್ಲ.

ಆರ್ಡರ್ ಕೊಡುವ ಮೊದಲೇ ಸರಬರಾಜುದಾರರಿಂದ ರೋಹ್ಸ್ ಘೋಷಣೆ (ಅಪಾಯಕಾರಿ ವಸ್ತುಗಳು ಮಿತಿಯೊಳಗಿವೆ ಎಂಬ ಲಿಖಿತ ಹೇಳಿಕೆ) ತರಿಸಿಕೊಳ್ಳಿ. ಒಂದೇ ಬಗೆಯ ವಸ್ತುವಿನ ತೂಕದಲ್ಲಿ ಸೀಸ, ಪಾದರಸ ಶೇ 0.1 ಮೀರಬಾರದು, ಕ್ಯಾಡ್ಮಿಯಂ ಶೇ 0.01 ಮೀರಬಾರದು. ಘೋಷಣೆಯಲ್ಲಿ ಮಾಡೆಲ್ ನಂಬರ್ ಇರಲಿ, ಅದು ಇನ್‌ವಾಯ್ಸ್‌ಗೂ ಯಂತ್ರದ ನೇಮ್‌ಪ್ಲೇಟ್‌ಗೂ ತಾಳೆಯಾಗಲಿ. ಬಂದರಿನಲ್ಲಿ ಮಾಲು ನಿಂತ ಮೇಲೆ ಈ ಕಾಗದ ಕೇಳಿದರೆ ದಿನಕ್ಕೆ ದಿನ ಡೆಮರೇಜ್ (ಮಾಲು ತಡವಾಗಿ ಬಿಡಿಸಿಕೊಂಡರೆ ಕಟ್ಟುವ ಶುಲ್ಕ) ಬೆಳೆಯುತ್ತದೆ.