ಬ್ರೇಕ್ ಒತ್ತಿದರೆ ಸಾಕಾ?

ಪತ್ರ: ಸಣ್ಣ ಖಾಸಗಿ ವಿಮಾನ ರನ್‌ವೇ ದಾಟಿ ಹಳ್ಳಕ್ಕೋ ಬೇಲಿಗೋ ನುಗ್ಗಿತು ಅನ್ನುವ ಸುದ್ದಿ ಆಗಾಗ ಓದುತ್ತೇವೆ. ಅಷ್ಟು ಹಗುರ ವಿಮಾನ, ಅಷ್ಟುದ್ದ ರನ್‌ವೇ. ಬ್ರೇಕ್ ಕೆಟ್ಟಿರಬೇಕು, ಇಲ್ಲಾ ಪೈಲಟ್ ಸರಿಯಾಗಿ ಒತ್ತಿಲ್ಲ. ರನ್‌ವೇ ಕೊನೆಯಲ್ಲಿ ಮೆತ್ತನೆ ನೆಲ ಹಾಕಿದರೆ ಮುಗೀತಲ್ಲ?

ಉತ್ತರ: ಬ್ರೇಕ್ ಕೆಡುವುದೂ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಇಂಥ ಬಹಳಷ್ಟು ಅಪಘಾತಗಳು ಚಕ್ರ ನೆಲ ಮುಟ್ಟುವ ಮೊದಲೇ ಶುರುವಾಗಿರುತ್ತವೆ.

ಲೆಕ್ಕ ನೋಡಿ. 65 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗದಲ್ಲಿ ಬರಬೇಕಾದ ವಿಮಾನ 75ರಲ್ಲಿ ಬಂತು ಅನ್ನಿ. ಬರೀ ಹತ್ತು ಜಾಸ್ತಿ, ಅಲ್ವಾ? ಆದರೆ ನಿಲ್ಲಿಸಬೇಕಾದ ಶಕ್ತಿ ವೇಗದ ವರ್ಗದಂತೆ ಏರುತ್ತದೆ, ಹಾಗಾಗಿ ಅದು ಮೂರನೇ ಒಂದು ಪಾಲು ಹೆಚ್ಚಾಯಿತು. ಅಷ್ಟೇ ಅಲ್ಲ, ಆ ಹೆಚ್ಚುವರಿ ವೇಗ ಇರುವವರೆಗೆ ವಿಮಾನ ಕೂರುವುದೇ ಇಲ್ಲ. ನೆಲದಿಂದ ಕೆಲವೇ ಅಡಿ ಮೇಲೆ ತೇಲುತ್ತಾ ಹೋಗುತ್ತದೆ, ಕೆಳಗೆ ರನ್‌ವೇ ಸುಮ್ನೆ ಖರ್ಚಾಗುತ್ತಿರುತ್ತದೆ. ಕೂತ ಮೇಲೂ ರೆಕ್ಕೆ ಸ್ವಲ್ಪ ಹೊತ್ತು ಭಾರ ಹೊತ್ತುಕೊಂಡೇ ಇರುವುದರಿಂದ ಟೈರ್ ಮೇಲೆ ತೂಕ ಬೀಳುವುದಿಲ್ಲ. ಆಗ ಬ್ರೇಕ್ ಜೋರಾಗಿ ಒತ್ತಿದರೆ ಚಕ್ರ ಜಾರುತ್ತದೆ, ವಿಮಾನ ನಿಲ್ಲುವುದಿಲ್ಲ. ಒದ್ದೆ ಹುಲ್ಲಾದರೆ ಕೇಳಲೇಬೇಡಿ.

ಗಾಳಿಯದು ಇನ್ನೂ ದೊಡ್ಡ ಆಟ. ಗಾಳಿಯಲ್ಲಿ 60 ನಾಟ್ ವೇಗ ಇಟ್ಟುಕೊಂಡು, ಹತ್ತು ನಾಟ್ ಎದುರುಗಾಳಿಯಲ್ಲಿ ಇಳಿದರೆ ನೆಲದ ಮೇಲಿನ ವೇಗ 50. ಅದೇ ಗಾಳಿ ಬೆನ್ನಿಗೆ ಬಿದ್ದರೆ 70. ಅದೇ ವಿಮಾನ, ಅದೇ ಪೈಲಟ್, ಅದೇ ಬ್ರೇಕ್, ಆದರೆ ಕಳೆಯಬೇಕಾದ ಶಕ್ತಿ ಹೆಚ್ಚುಕಮ್ಮಿ ಎರಡು ಪಟ್ಟು!

ಇಳಿಯಲು ಇಷ್ಟು ರನ್‌ವೇ ಬೇಕು ಅಂತ ವಿಮಾನದ ಕೈಪಿಡಿಯಲ್ಲಿ ಬರೆದಿರುವ ಉದ್ದ ಸಾಲದೇ ಅಂತ ಕೇಳಬಹುದು. ಆ ಅಂಕಿ ಹೊಸ ವಿಮಾನ, ಪಳಗಿದ ಕೈ, ಒಣ ರನ್‌ವೇಯಲ್ಲಿ ಸಿಕ್ಕಿದ್ದು. ಅದಕ್ಕೇ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಇಳಿಯುವ ಉದ್ದವನ್ನು 1.43ರಿಂದ ಗುಣಿಸಿ ಅಂತ ಖಾಸಗಿ ಪೈಲಟ್‌ಗಳಿಗೆ ಸಲಹೆ ಕೊಟ್ಟಿದೆ. ಸಲಹೆ ಅಷ್ಟೇ, ಗುಣಿಸುವುದು ಬಿಡುವುದು ಅವರಿಗೆ ಬಿಟ್ಟಿದ್ದು. ನನ್ನ ತಕರಾರು ಇರುವುದೇ ಇಲ್ಲಿ.

ಇದಕ್ಕೆ ಮದ್ದು ಗೋ-ಅರೌಂಡ್, ಅಂದರೆ ಇಳಿಯುವುದು ಬಿಟ್ಟು ಮತ್ತೆ ಮೇಲೇರಿ ಒಂದು ಸುತ್ತು ಹಾಕಿ ಬರುವುದು. ಖರ್ಚು ಒಂದಿಷ್ಟು ಇಂಧನ, ಕೆಲವು ನಿಮಿಷ. ರನ್‌ವೇಯ ಮೊದಲ ಮೂರನೇ ಒಂದು ಭಾಗದೊಳಗೆ ಚಕ್ರ ಮುಟ್ಟದಿದ್ದರೆ ಮೇಲಕ್ಕೆ, ಚರ್ಚೆ ಬೇಡ, ಅಂತ ಮೊದಲೇ ತೀರ್ಮಾನ ಮಾಡಿಕೊಂಡಿರಬೇಕು. ತಡವಾಗಿ ಬುದ್ಧಿ ಬಂದರೆ ಅದೂ ಅಪಾಯವೇ: ಅರ್ಧ ವೇಗ ಕಳೆದುಕೊಂಡು ಮತ್ತೆ ಏರಲು ಹೋದರೆ ಎದುರಿನ ಮರಗಳೇ ಗತಿ. ಆ ಹೊತ್ತಿನಲ್ಲಿ ಬ್ರೇಕ್ ಒತ್ತಿಕೊಂಡು ನಿಧಾನವಾಗಿ ಬೇಲಿಗೆ ಗುದ್ದುವುದೇ ಎಷ್ಟೋ ವಾಸಿ.

ಟೇಕಾಫ್‌ನಲ್ಲೂ ಹೀಗೇ ಆಗುತ್ತದೆ. 2014ರ ಮೇ 31ರಂದು ಅಮೆರಿಕದ ಬೆಡ್‌ಫರ್ಡ್‌ನಲ್ಲಿ ಗಲ್ಫ್‌ಸ್ಟ್ರೀಮ್ ಖಾಸಗಿ ಜೆಟ್ ಒಂದು ರನ್‌ವೇ ದಾಟಿ ಕಂದಕಕ್ಕೆ ಬಿದ್ದು ಏಳು ಜನ ಸತ್ತರು. ನಿಂತಾಗ ರೆಕ್ಕೆ, ಬಾಲದ ಭಾಗಗಳು ಗಾಳಿಗೆ ಬಡಿದಾಡದಂತೆ ಹಾಕುವ ಗಸ್ಟ್ ಲಾಕನ್ನು ತೆಗೆದೇ ಇರಲಿಲ್ಲ, ಹಾಗಾಗಿ ವಿಮಾನ ಮೇಲೇಳಲಿಲ್ಲ. ಒಂದು ಸಲ ಮರೆತದ್ದು ಅಂತ ಸಮಾಧಾನ ಮಾಡಿಕೊಳ್ಳುವ ಹಾಗೂ ಇಲ್ಲ: ಅದೇ ಪೈಲಟ್‌ಗಳು ಹಿಂದಿನ 175 ಟೇಕಾಫ್‌ಗಳಲ್ಲಿ, ಇಂಥ ಲಾಕ್ ಉಳಿದಿದ್ದರೆ ಗೊತ್ತಾಗುವಂತೆ ಕಂಟ್ರೋಲ್‌ಗಳನ್ನು ಪೂರ್ತಿ ಪರೀಕ್ಷೆ ಮಾಡಿದ್ದು ಎರಡೇ ಸಲ ಅಂತ ತನಿಖೆಯಲ್ಲಿ ಹೊರಬಂತು.

ನೀವು ಹೇಳಿದ ಮೆತ್ತನೆ ನೆಲ ಈಗಾಗಲೇ ಇದೆ. ಕೆಲವು ವಿಮಾನ ನಿಲ್ದಾಣಗಳ ರನ್‌ವೇ ತುದಿಯಲ್ಲಿ ಹಗುರ ಕಾಂಕ್ರೀಟಿನ ಇಟ್ಟಿಗೆ ಹಾಸಿರುತ್ತಾರೆ. ಭಾರಕ್ಕೆ ಅದು ಪುಡಿಯಾಗಿ ಚಕ್ರ ಹೂತುಕೊಂಡು ವಿಮಾನ ನಿಲ್ಲುತ್ತದೆ. ದೊಡ್ಡ ಜೆಟ್‌ಗಳನ್ನು ಇದು ಉಳಿಸಿದೆ. ಆದರೆ ಸಣ್ಣ ವಿಮಾನದ ತೂಕಕ್ಕೆ ಆ ಇಟ್ಟಿಗೆ ಸರಿಯಾಗಿ ಪುಡಿಯಾಗುವುದಿಲ್ಲ, ಖರ್ಚೂ ವಿಪರೀತ. ಸಣ್ಣ ನಿಲ್ದಾಣಗಳಿಗೆ ನಾನು ಕೇಳುವುದಾದರೆ ರನ್‌ವೇ ತುದಿಯ ಹಳ್ಳ ಮುಚ್ಚಿ, ಅಲ್ಲಿರುವ ಗೋಡೆ ಕೆಡವಿ, ಒಂದಷ್ಟು ಬಯಲು ಬಿಡಿ ಅಂತ ಕೇಳುತ್ತೇನೆ.