ಎಂಪಿಎಚ್ ಮಾಡದೆ ಆರೋಗ್ಯ ಎನ್‌ಜಿಒ ನಡೆಸುವ ಹುದ್ದೆಗೆ ಏರಬಹುದೇ?

ಹಾಸನದ ಸಂಸ್ಥೆಯೊಂದರಲ್ಲಿ ಫೀಲ್ಡ್ ಕೋಆರ್ಡಿನೇಟರ್, ಓದಿದ್ದು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ), ನಿರ್ದೇಶಕರಾಗಲು ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಬೇಕೇ ಬೇಕಾ ಅಂತ ಕೇಳಿದ್ದೀರಿ. ದೆಹಲಿ, ಬೆಂಗಳೂರಿನ ದೊಡ್ಡ ಸಂಸ್ಥೆಗಳಿಗೆ ಅರ್ಜಿ ಹಾಕುವುದಾದರೆ ಉಪಯೋಗಕ್ಕೆ ಬರುತ್ತದೆ. ಜಿಲ್ಲಾ ಮಟ್ಟದಲ್ಲಿ ನಾನು ಮೊದಲು ನೋಡುವುದು ಲೆಕ್ಕಪತ್ರ ಓದಲು ಬರುತ್ತದಾ ಅಂತ. ಅಕೌಂಟೆಂಟ್ ಪಕ್ಕ ಕೂತು ಒಂದು ಯುಟಿಲೈಸೇಶನ್ ಸರ್ಟಿಫಿಕೇಟನ್ನು, ಅಂದರೆ ಅನುದಾನ ಹೇಗೆ ಖರ್ಚಾಯಿತು ಅನ್ನುವ ಪ್ರಮಾಣಪತ್ರವನ್ನು, ವೋಚರ್ ಸಮೇತ ನೀವೇ ತಯಾರಿಸಿ ನೋಡಿ.

ಬಜೆಟ್ಟಿನಲ್ಲಿ ಎಲ್ಲರೂ ಎಡವುವುದು ಸಂಬಳದಲ್ಲೇ. ನಾಲ್ವರು ಕಾರ್ಯಕರ್ತರು, ತಲಾ 18,000, ವರ್ಷಕ್ಕೆ 8,64,000 ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ಪಿಎಫ್ ಅನ್ವಯಿಸುವ ಸಂಸ್ಥೆಯಾದರೆ ಸಂಸ್ಥೆಯ ಪಾಲು 12%, ಗ್ರಾಚ್ಯುಟಿಗೆ ಮೂಲವೇತನದ 4.81% ಎತ್ತಿಡಬೇಕು, ಕಾಫಿ ಎಸ್ಟೇಟ್ ರಸ್ತೆಗಳಲ್ಲಿ ಓಡಾಡಲು ಪೆಟ್ರೋಲ್ ಬೇರೆ. 'ಆಡಳಿತ ಖರ್ಚು 5% ಮೀರಬಾರದು, ಕಾನೂನಿದೆ' ಅಂತ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಕೊಡುವ ಕಂಪನಿಯವರು ಅಂದರೆ ತಲೆಯಾಡಿಸಬೇಡಿ. ಆ ಮಿತಿ ಇರುವುದು ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತದ ಖರ್ಚಿಗೆ. ನಿಮಗೆ ತಗಲುವ ಮಿತಿ ವಿದೇಶಿ ದೇಣಿಗೆ ಕಾನೂನಾದ ಎಫ್‌ಸಿಆರ್‌ಎಯದು, ವಿದೇಶಿ ಹಣದ 20%. ಮಿಕ್ಕಿದ್ದೆಲ್ಲ ಚೌಕಾಸಿ.

ಆಮೇಲೆ ಹಣ ಯಾವ ತಿಂಗಳು ಬರುತ್ತದೆ, ಯಾವ ತಿಂಗಳು ಮುಗಿಯುತ್ತದೆ ಅನ್ನುವುದು. ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ಕೊಯ್ಲು ನವೆಂಬರ್ ಹೊತ್ತಿಗೆ ಅರೇಬಿಕಾದಿಂದ ಶುರುವಾಗಿ, ರೋಬಸ್ಟಾ ಮುಗಿಯುವಾಗ ಮಾರ್ಚ್ ಆಗಿರುತ್ತದೆ. ಹೊರರಾಜ್ಯದ ಕೂಲಿಯವರು ಎಸ್ಟೇಟಿನ ಲೈನ್‌ಮನೆ ಬಿಟ್ಟು ಹೊರಡುವ ಹೊತ್ತಿಗೇ ಹಣಕಾಸು ವರ್ಷವೂ ಮುಗಿಯುತ್ತದೆ. ಅವರಲ್ಲೊಬ್ಬರಿಗೆ ಜನವರಿಯಲ್ಲಿ ಟಿಬಿ ಪತ್ತೆಯಾದರೆ ಮಾಮೂಲಿ ಚಿಕಿತ್ಸೆಯೇ ಆರು ತಿಂಗಳು. ಅನುದಾನ ಮಾರ್ಚ್ 31ಕ್ಕೆ ನಿಂತರೆ ಮಾತ್ರೆ ತಗೊಂಡರಾ ಅಂತ ಕೇಳುವವರೇ ಇರುವುದಿಲ್ಲ. ಅದಕ್ಕೇ ಸಿಎಸ್‌ಆರ್ ಕಂಪನಿಯ ಬೋರ್ಡಿನಿಂದ 'ಆನ್‌ಗೋಯಿಂಗ್ ಪ್ರಾಜೆಕ್ಟ್' (ಹಲವು ವರ್ಷದ ಯೋಜನೆ) ಅಂತಲೇ ಮಂಜೂರು ಮಾಡಿಸಿ. ಆಗ ಉಳಿದ ಹಣ ವರ್ಷ ಮುಗಿದ 30 ದಿನದೊಳಗೆ ಕಂಪನಿಯ ಪ್ರತ್ಯೇಕ ಖಾತೆಗೆ ಹೋಗುತ್ತದೆ, ಮೂರು ವರ್ಷದೊಳಗೆ ಖರ್ಚು ಮಾಡಬಹುದು. ರೋಗಿ ಹೊರಡುವ ಮುಂಚೆಯೇ ಪಿಎಚ್‌ಸಿಯವರಿಂದ (ಪ್ರಾಥಮಿಕ ಆರೋಗ್ಯ ಕೇಂದ್ರ) ಸರ್ಕಾರದ ಟಿಬಿ ಪೋರ್ಟಲ್ ನಿಕ್ಷಯ್‌ನಲ್ಲಿ ಅವರೂರಿಗೆ ವರ್ಗ ಮಾಡಿಸಿ, ಅಲ್ಲಿ ಸಿಗುವವರೆಗಿನ ಮಾತ್ರೆ ಕೊಡಿಸಿ, ಊರಲ್ಲಿರುವ ಮನೆಯವರ ನಂಬರ್ ಬರೆದುಕೊಳ್ಳಿ. ಇಲ್ಲಿಯ ಸಿಮ್ ರೈಲು ಹತ್ತಿದ ಮೇಲೆ ಸ್ವಿಚ್ ಆಫ್ ಆಗುವುದೇ ಹೆಚ್ಚು.

ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಅನುಮತಿ ಪತ್ರವಿಲ್ಲದೆ ಆಶಾ ಕಾರ್ಯಕರ್ತೆಯರಿಗೆ ಸರ್ವೆ ಫಾರಂ ಹಂಚಬೇಡಿ. ಪಿಎಚ್‌ಸಿಯ ಮಾಸಿಕ ಸಭೆಯಲ್ಲಿ ವೈದ್ಯಾಧಿಕಾರಿ ಎದುರಿಗೇ ಕೆಲಸ ವಿವರಿಸಿ, ಫಾರಂಗೆ ಇಷ್ಟು ಅಂತ ದುಡ್ಡು ಗೊತ್ತುಮಾಡಿ. ಪುಕ್ಕಟೆ ಸರ್ವೆ ಮನೆಯಲ್ಲೇ ಕೂತು ತುಂಬಿ ಬರುತ್ತದೆ, ಅದು ಅವರ ತಪ್ಪಲ್ಲ.

ಎಂಪಿಎಚ್ ಎರಡು ವರ್ಷ ಕಾಯಲಿ. ಎಪಿಡೆಮಿಯಾಲಜಿಯ (ರೋಗ ಹರಡುವಿಕೆಯ ಅಧ್ಯಯನ) ಬುನಾದಿಗೆ ಸದ್ಯಕ್ಕೆ ಸರ್ಕಾರದ 'ಸ್ವಯಂ' ಪೋರ್ಟಲಿನ ಉಚಿತ ಕೋರ್ಸುಗಳು ಸಾಕು.